ಅಡ್ರಿನಲ್ ಗಡ್ಡೆ, ಏರುವ ಬಿಪಿ, ಸಣ್ಣಗಾದ ರಕ್ತನಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ರಿನಲ್ ಗಡ್ಡೆ ಮತ್ತು ಬಿಪಿ ಬಗ್ಗೆ ಜನ ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಕ್ಲಿನಿಕ್‌ನಲ್ಲಿ ಕೇಳಿದ್ದು, ಕೆಲವು ಪತ್ರದಲ್ಲಿ ಬಂದದ್ದು, ಒಂದಷ್ಟು ಮದುವೆ ಮನೆ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದು. ಪ್ರಶ್ನೆ ಅವರವರ ಮಾತಿನಲ್ಲೇ ಇದೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಸಾಕು. ಇದನ್ನು ಓದಿ ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಮಾತ್ರ ಬೇಡ.

## ಮೊದಲ ಪ್ರಶ್ನೆಗಳು

ಅಡ್ರಿನಲ್ ಅಂದ್ರೆ ಕಿಡ್ನಿಯ ಒಂದು ಭಾಗನಾ ಡಾಕ್ಟ್ರೇ? ಅಲ್ಲಿ ಗಡ್ಡೆ ಆದ್ರೆ ಬಿಪಿ ಯಾಕೆ ಏರ್ಬೇಕು?

ಅಲ್ಲ. ಅದು ಬೇರೆಯೇ ಗ್ರಂಥಿ. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಇರುತ್ತದೆ. ಒಂದರ ತೂಕ ಹೆಚ್ಚೆಂದರೆ 4–5 ಗ್ರಾಂ. ಅದರ ಹೊರಪದರ ಅಲ್ಡೋಸ್ಟಿರೋನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಮಾಡುತ್ತದೆ. ಒಳಗಿನ ತಿರುಳು ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ಮಾಡುತ್ತದೆ. ಈ ಹಾರ್ಮೋನುಗಳು ಅಳತೆ ಮೀರಿದರೆ ಬಿಪಿ ಏರುತ್ತದೆ.

ಗಡ್ಡೆ ಯಾವ ಜಾಗದಿಂದ ಹುಟ್ಟಿತು ಅನ್ನುವುದರ ಮೇಲೆ ಕಾಯಿಲೆ ಬೇರೆ. ಅಲ್ಡೋಸ್ಟಿರೋನ್ ಜಾಸ್ತಿಯಾದರೆ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಗೆ ಬಿಡುತ್ತದೆ. 1955ರಲ್ಲಿ ಜೆರೋಮ್ ಕಾನ್ ಎಂಬ ಅಮೆರಿಕದ ವೈದ್ಯರು ಇದನ್ನು ವಿವರಿಸಿದ್ದರಿಂದ ಕಾನ್ ಸಿಂಡ್ರೋಮ್ ಅನ್ನುತ್ತಾರೆ. ಕಾರ್ಟಿಸಾಲ್ ಜಾಸ್ತಿಯಾದರೆ ಕುಶಿಂಗ್ ಎಂಬ ಕಾಯಿಲೆ: ಮುಖ ಗುಂಡಗಾಗುತ್ತದೆ, ಹೊಟ್ಟೆ ಮೇಲೆ ನೇರಳೆ ಗೆರೆ ಬರುತ್ತದೆ, ತೊಡೆ ಸೊರಗುತ್ತದೆ. ಒಳತಿರುಳಿನ ಗಡ್ಡೆಯ ಹೆಸರು ಫಿಯೋಕ್ರೋಮೋಸೈಟೋಮಾ. ನಾವು ವೈದ್ಯರೂ ಬಾಯಿಗೆ ಸುಲಭ ಅಂತ ಫಿಯೋ ಅಂತಲೇ ಅನ್ನುವುದು. ಅಂಥದೇ ಗಡ್ಡೆ ಅಡ್ರಿನಲ್ ಬಿಟ್ಟು ಕುತ್ತಿಗೆಯಲ್ಲೋ ಬೆನ್ನುಮೂಳೆಯ ಪಕ್ಕದಲ್ಲೋ ಆದರೆ ಪ್ಯಾರಾಗ್ಯಾಂಗ್ಲಿಯೋಮಾ. ಈ ಪುಟದಲ್ಲಿ ಜಾಸ್ತಿ ಮಾತು ಫಿಯೋ ಬಗ್ಗೆಯೇ. ರಕ್ತನಾಳದ ಜೊತೆ ಹೆಚ್ಚು ಗೊಂದಲ ಮಾಡುವುದು ಅದೇ.

ಬಿಪಿ ಇರೋರೆಲ್ಲ ಇದನ್ನ ಚೆಕ್ ಮಾಡಿಸ್ಬೇಕಾ?

ಫಿಯೋಗೆ ಬೇಡ. ಬಿಪಿ ಕ್ಲಿನಿಕ್‌ಗೆ ಬರುವ ಸಾವಿರ ಜನರಲ್ಲಿ ಎರಡರಿಂದ ಆರು ಮಂದಿಗೆ ಮಾತ್ರ ಅದು ಸಿಗುತ್ತದೆ. ಅಲ್ಡೋಸ್ಟಿರೋನ್ ಕತೆ ಬೇರೆ. ಬಿಪಿ ಇರುವ ನೂರರಲ್ಲಿ 5–10 ಜನರಿಗೆ ಅದೇ ಮೂಲ ಕಾರಣ. ಹಾಗಾಗಿ 2025ರಲ್ಲಿ ಬಂದ ಎಂಡೋಕ್ರೈನ್ ಸೊಸೈಟಿ ಎಂಬ ಹಾರ್ಮೋನ್ ತಜ್ಞರ ಸಂಘದ ಮಾರ್ಗಸೂಚಿ, ಬಿಪಿ ಇರುವ ಎಲ್ಲರಿಗೂ ಒಮ್ಮೆ ಅಲ್ಡೋಸ್ಟಿರೋನ್ ಪರೀಕ್ಷೆ ಮಾಡುವುದು ಒಳ್ಳೆಯದು ಅನ್ನುತ್ತದೆ. ನಮ್ಮಲ್ಲಿ ಅದು ಇನ್ನೂ ರೂಢಿಗೆ ಬಂದಿಲ್ಲ.

ಎಲ್ಲರಿಗೂ ಆಗದಿದ್ದರೂ ಕೆಲವರನ್ನು ಮಾತ್ರ ಬಿಡಬಾರದು. ಮೂವತ್ತರ ಆಸುಪಾಸಿಗೇ ಬಿಪಿ ಬಂದವರು. ಮೂತ್ರ ಹೆಚ್ಚಿಸುವ ಮಾತ್ರೆ ಸೇರಿ ಮೂರು ಬಗೆಯ ಬಿಪಿ ಮಾತ್ರೆ ನುಂಗಿದರೂ ಹತೋಟಿಗೆ ಬಾರದವರು. ರಕ್ತದಲ್ಲಿ ಪೊಟ್ಯಾಸಿಯಂ 3.5ಕ್ಕಿಂತ ಕೆಳಗೆ ಇಳಿದವರು. ಬಿಪಿ ಅಲೆಅಲೆಯಾಗಿ ಏರಿಳಿಯುವವರು. ಮನೆಯಲ್ಲಿ ಬೇರೆಯವರಿಗೆ ಇಂಥ ಗಡ್ಡೆ ಇರುವವರು.

ನಮ್ಮ ಯಜಮಾನರಿಗೆ ಸುಮ್ನೆ ಕೂತಿದ್ದಾಗಲೇ ಬೆವರು, ಎದೆ ಢವಢವ. ಎಲ್ಲರೂ ಟೆನ್ಷನ್ ಅಂತಾರೆ. ನಿಜಾನಾ?

ಹೆಚ್ಚಿನವರಲ್ಲಿ ನಿಜವೇ. ಸಿಲ್ಕ್‌ಬೋರ್ಡ್ ದಾಟಿ ಆಫೀಸ್ ಮುಟ್ಟುವವರಿಗೆ ಟೆನ್ಷನ್ ಇಲ್ಲ ಅಂತ ಹೇಳುವುದಾದರೂ ಹೇಗೆ! ಆದರೂ ಮೂರು ವಿಷಯ ಒಟ್ಟಿಗೆ ಬಂದರೆ ಕಿವಿ ನಿಮಿರಬೇಕು: ಬಡಿಯುವ ತಲೆನೋವು, ಬಟ್ಟೆ ತೊಯ್ಯುವಷ್ಟು ಬೆವರು, ಎದೆ ಢವಢವ. ಕೆಲ ನಿಮಿಷದಿಂದ ಒಂದು ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಮುಖ ಕೆಂಪಾಗುವುದಕ್ಕಿಂತ ಬಿಳಿಚಿಕೊಳ್ಳುವುದೇ ಜಾಸ್ತಿ. ಮುಟ್ಟು ನಿಲ್ಲುವ ವಯಸ್ಸಿನ ಬಿಸಿ ಏರಿಕೆಯಲ್ಲಿ ಮುಖ ಕೆಂಪಾಗುತ್ತದೆ, ಬಿಪಿ ಅಷ್ಟಾಗಿ ಹಾರುವುದಿಲ್ಲ.

ಏನು ಮಾಡುತ್ತಿದ್ದಾಗ ಬಂತು ಅನ್ನುವುದನ್ನೂ ಗಮನಿಸಿ. ಬಗ್ಗಿದಾಗ, ಹೊಟ್ಟೆ ಒತ್ತಿದಾಗ, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಆದ ಮೇಲೆ, ಸ್ಟಿರಾಯ್ಡ್ ತೆಗೆದುಕೊಂಡ ಮೇಲೆ ಶುರುವಾದರೆ ಅನುಮಾನ ಗಟ್ಟಿಯಾಗುತ್ತದೆ. ಮೂತ್ರ ಮಾಡುವಾಗಲೇ ಪ್ರತಿಸಲ ಎದೆ ಹೊಡೆದುಕೊಂಡರೆ ಗಡ್ಡೆ ಮೂತ್ರಕೋಶದಲ್ಲೇ ಇರಬಹುದು. ಇದನ್ನು ಹೇಳಲು ಜನ ನಾಚುತ್ತಾರೆ. ನಾಚಬೇಡಿ, ಅದೊಂದು ಮಾತಿನಿಂದ ಎಷ್ಟೋ ಸುತ್ತಾಟ ತಪ್ಪುತ್ತದೆ.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ, ಅದು ಬಂದ ಆ ಹೊತ್ತಿಗೇ ನೋಡಿ ಬರೆದಿಡಿ. ಡಾಕ್ಟರ ಮುಂದೆ ಕೂತಾಗ ಬಿಪಿ 124/80 ಇದ್ದೀತು. ಚೀಟಿಯಲ್ಲಿ 210/120 ಅಂತ ಇದ್ದರೆ ಮಾತು ಮುಂದುವರಿಯುತ್ತದೆ.

ಗಡ್ಡೆ ಅಂದ್ರೆ ಕ್ಯಾನ್ಸರ್ ಅಲ್ವಾ?

ಹೆಚ್ಚಿನವು ಅಲ್ಲ. ಕಾನ್ ಗಡ್ಡೆಯಂತೂ ಕ್ಯಾನ್ಸರ್ ಆಗುವುದು ಬಲು ಅಪರೂಪ. ಫಿಯೋದಲ್ಲಿ ಹತ್ತರಲ್ಲಿ ಒಂದು ಬೇರೆ ಕಡೆ ಹರಡುತ್ತದೆ. ಹರಡದಿದ್ದರೂ ಫಿಯೋ ಸಾಧು ಅಂತ ತಿಳಿಯಬೇಡಿ. ಅದು ಸುರಿಯುವ ಹಾರ್ಮೋನೇ ಹೃದಯಕ್ಕೆ, ಮೆದುಳಿಗೆ ಪೆಟ್ಟು ಕೊಡುತ್ತದೆ.

ಕಲ್ಲು ಇದೆಯಾ ಅಂತ ಹೊಟ್ಟೆ ಸ್ಕ್ಯಾನ್ ಮಾಡಿಸಿದ್ವಿ. ಅಡ್ರಿನಲ್‌ನಲ್ಲಿ 2 ಸೆಂಟಿಮೀಟರ್ ಗಡ್ಡೆ ಅಂತ ಬಂತು. ಸೂಜಿ ಹಾಕಿ ಪರೀಕ್ಷೆ ಮಾಡಿಸೋಣ್ವಾ?

ಸೂಜಿ ಬೇಡ. ಕನಿಷ್ಠ ಈಗ ಬೇಡ. ಅದು ಫಿಯೋ ಆಗಿದ್ದರೆ ಸೂಜಿ ಚುಚ್ಚಿದ ಕೂಡಲೇ ಅಡ್ರಿನಾಲಿನ್ ರಕ್ತಕ್ಕೆ ನುಗ್ಗಿ ಪ್ರಾಣಕ್ಕೆ ಬರಬಹುದು. ಮೊದಲು ರಕ್ತದ ಪರೀಕ್ಷೆ.

ಹೀಗೆ ಬೇರೇನೋ ಹುಡುಕುವಾಗ ಸಿಗುವ ಅಡ್ರಿನಲ್ ಗಡ್ಡೆ ಅಪರೂಪವೇನಲ್ಲ. ವಯಸ್ಸಾದಂತೆ ಜಾಸ್ತಿ ಕಾಣುತ್ತದೆ. ಬಹುಪಾಲು ಯಾವ ಹಾರ್ಮೋನೂ ಮಾಡದೆ ಸುಮ್ಮನಿರುತ್ತವೆ. ಡೈ ಹಾಕದ ಸಿಟಿಯಲ್ಲಿ ಗಡ್ಡೆಯ ಸಾಂದ್ರತೆ 10 ಹೌನ್ಸ್‌ಫೀಲ್ಡ್ ಯೂನಿಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದರಲ್ಲಿ ಕೊಬ್ಬು ಜಾಸ್ತಿ ಎಂದರ್ಥ. ಅಂಥದ್ದು ಫಿಯೋ ಆಗಿರುವುದು ತೀರಾ ಕಡಿಮೆ. ಆ ಸಂಖ್ಯೆ ರಿಪೋರ್ಟ್‌ನಲ್ಲಿ ಇಲ್ಲದಿದ್ದರೆ ಸ್ಕ್ಯಾನಿಂಗ್ ಸೆಂಟರ್‌ಗೆ ವಾಪಸ್ ಹೋಗಿ ಕೇಳಿ, ಬರೆದುಕೊಡುತ್ತಾರೆ. ಕಾರ್ಟಿಸಾಲ್ ನೋಡಲು ರಾತ್ರಿ 11ರ ಹೊತ್ತಿಗೆ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ನುಂಗಿಸಿ ಬೆಳಿಗ್ಗೆ ರಕ್ತ ತೆಗೆಯುತ್ತಾರೆ. ಬಿಪಿ ಇದ್ದರೆ ಅಲ್ಡೋಸ್ಟಿರೋನ್ ಕೂಡ ನೋಡಬೇಕು.

ನಾಟಿ ಔಷಧಿಯಿಂದ ಕರಗಿಸ್ತೀವಿ ಅಂತಾರೆ. ತಗೊಂಡು ನೋಡೋದ್ರಲ್ಲಿ ತಪ್ಪೇನು?

ಗಡ್ಡೆ ಕರಗುವುದಿಲ್ಲ. ಇನ್ನೊಂದು ತೊಂದರೆ ಇದೆ. ಕೆಮ್ಮಿಗೆ ಅಗಿಯುವ ಅತಿಮಧುರವನ್ನು ದಿನಾ ಜಾಸ್ತಿ ತಿಂದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ನೋಡಿದವರಿಗೆ ಥೇಟ್ ಕಾನ್ ಗಡ್ಡೆ ಅನ್ನಿಸಬೇಕು! ರಕ್ತ ನೋಡಿದರೆ ಅಲ್ಡೋಸ್ಟಿರೋನ್ ಮಾತ್ರ ಕಡಿಮೆ ಇರುತ್ತದೆ. ಹಾಗೆಯೇ ಮಂಡಿನೋವಿಗೆ ಅಂತ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ತಿಂಗಳುಗಟ್ಟಲೆ ತಿಂದವರು ಗುಂಡು ಮುಖ, ಬಿಪಿ, ಶುಗರ್ ಹೊತ್ತುಕೊಂಡು ಬರುತ್ತಾರೆ. ಏನು ತಿನ್ನುತ್ತಿದ್ದೀರಿ ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಆ ಪುಡಿಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

## ರಕ್ತನಾಳದ ಕಡೆಯಿಂದ

ಅಡ್ರಿನಲ್‌ನಲ್ಲಿ ಗಡ್ಡೆ ಅಂತ ಒಂದು ರಿಪೋರ್ಟು, ಕಿಡ್ನಿಗೆ ಹೋಗೋ ರಕ್ತನಾಳ ಸಣ್ಣ ಆಗಿದೆ ಅಂತ ಇನ್ನೊಂದು. ಎರಡೂ ಒಬ್ಬರಿಗೇ ಹೇಗೆ ಬಂತು?

ಇದು ನನಗೆ ಇಷ್ಟವಾದ ಪ್ರಶ್ನೆ. ಉತ್ತರ ಒಂದೇ ಇಲ್ಲ.

ಕಿಡ್ನಿಯ ರಕ್ತನಾಳ ಕಿರಿದಾದರೆ ಅದೊಂದೇ ಬಿಪಿ ಏರಿಸಲು ಸಾಕು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿ ರಕ್ತನಾಳಕ್ಕೆ ಕ್ಲಿಪ್ ಹಾಕಿ ಇದನ್ನು ತೋರಿಸಿದರು. ಅಪಾರ್ಟ್‌ಮೆಂಟಿನ ಒಂದು ಮನೆಯ ಪೈಪ್ ಕಟ್ಟಿಕೊಂಡಿದೆ ಅನ್ನಿ. ಆ ಮನೆಯವರು ನೀರೇ ಬರ್ತಿಲ್ಲ ಅಂತ ಕೂಗಿ ಕೆಳಗಿನ ಪಂಪ್ ಜೋರು ಮಾಡಿಸುತ್ತಾರೆ, ಇಡೀ ಕಟ್ಟಡದ ಪೈಪಿಗೆಲ್ಲ ಒತ್ತಡ ಏರುತ್ತದೆ. ಕಿಡ್ನಿ ಮಾಡುವುದೂ ಅದೇ. ರಕ್ತ ಕಡಿಮೆ ಬರುತ್ತಿದೆ ಅಂತ ರೆನಿನ್ ಎಂಬ ವಸ್ತು ಬಿಡುತ್ತದೆ, ಮೈಯ ಬಿಪಿ ಎಲ್ಲ ಏರುತ್ತದೆ.

ಈಗ ಗಡ್ಡೆಗೂ ಇದಕ್ಕೂ ಇರುವ ನಂಟು. ಮೊದಲನೆಯದು ಬರೀ ಒತ್ತುವಿಕೆ. ಅಡ್ರಿನಲ್ ಇರುವುದೇ ಕಿಡ್ನಿ ರಕ್ತನಾಳದ ಹತ್ತಿರ. ಗಡ್ಡೆ ದೊಡ್ಡದಾಗಿ ಪಕ್ಕದಿಂದ ಒತ್ತಬಹುದು, ಸುತ್ತ ಬೆಳೆದ ನಾರು ರಕ್ತನಾಳವನ್ನು ಬಿಗಿಯಬಹುದು. ಎರಡನೆಯದು ಸೆಡೆತ. ಫಿಯೋ ಸುರಿಸುವ ನಾರ್‌ಅಡ್ರಿನಾಲಿನ್ ರಕ್ತನಾಳದ ಗೋಡೆಯನ್ನು ಹಿಂಡುತ್ತದೆ. ಚಿತ್ರ ತೆಗೆದ ಹೊತ್ತಿಗೆ ಅದು ಕಿರಿದಾಗಿ ಕಾಣುತ್ತದೆ, ಆದರೆ ಒಳಗೆ ಕಟ್ಟಿಕೊಂಡದ್ದು ಏನೂ ಇರುವುದಿಲ್ಲ. ಮೂರನೆಯದು ಹಾನಿ. ವರ್ಷಗಟ್ಟಲೆ ಏರುಬಿಪಿ ಮತ್ತು ಹಾರ್ಮೋನಿನ ಹೊಡೆತಕ್ಕೆ ಗೋಡೆಯೇ ದಪ್ಪಗಾಗುತ್ತದೆ. ನಾಲ್ಕನೆಯದು ಒಂದೇ ಬೇರು: ಒಂದೇ ಜೀನ್ ದೋಷದಿಂದ ಗಡ್ಡೆಯೂ ರಕ್ತನಾಳದ ತೊಂದರೆಯೂ ಬರುವುದು. ಇವೆಲ್ಲ ಬಿಟ್ಟು ಬರೀ ಕಾಕತಾಳೀಯವೂ ಇರಬಹುದು. ಅರವತ್ತು ದಾಟಿ ಶುಗರ್ ಇರುವವರು, ಬೀಡಿ ಸಿಗರೇಟು ಸೇದಿದವರಲ್ಲಿ ಕೊಬ್ಬು ಕೂತು ರಕ್ತನಾಳ ಸಣ್ಣಗಾಗುವುದು ಸಾಮಾನ್ಯ. ಅವರಲ್ಲೇ ಸುಮ್ಮನಿರುವ ಅಡ್ರಿನಲ್ ಗಡ್ಡೆಯೂ ಸಾಮಾನ್ಯ.

ಗಡ್ಡೆ ಮತ್ತು ರಕ್ತನಾಳ ಜೊತೆಯಲ್ಲಿ ಕಾಣುವುದು ಹೊಸದೂ ಅಲ್ಲ. 1886ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಫೆಲಿಕ್ಸ್ ಫ್ರಾಂಕೆಲ್ ಬರೆದ ಮೊದಲ ವರದಿ 18 ವರ್ಷದ ಯುವತಿಯದು. ಎರಡೂ ಅಡ್ರಿನಲ್‌ನಲ್ಲಿ ಗಡ್ಡೆ, ಜೊತೆಗೆ ರಕ್ತ ಸಂಚಾರದ ಅಂಗಗಳಲ್ಲೂ ಕಣ್ಣಿನ ಅಕ್ಷಿಪಟದಲ್ಲೂ ಬದಲಾವಣೆ. ಫಿಯೋಕ್ರೋಮೋಸೈಟೋಮಾ ಅನ್ನುವ ಹೆಸರೇ ಆಗ ಇರಲಿಲ್ಲ, ಅದು ಬಂದದ್ದು 1912ರಲ್ಲಿ. 2007ರಲ್ಲಿ ಆ ಯುವತಿಯ ಮನೆತನದವರ ಜೀನ್ ಪರೀಕ್ಷೆ ಮಾಡಿದಾಗ ರೆಟ್ ಎಂಬ ಜೀನ್‌ನಲ್ಲಿ ದೋಷ ಸಿಕ್ಕಿತು.

ಹಾಗಾದ್ರೆ ಮೊದಲು ಸ್ಟೆಂಟ್ ಹಾಕಿಸಿಬಿಡೋದಾ? ಅದು ಸಣ್ಣ ಕೆಲಸ ಅಂದ್ರು.

ಅವಸರ ಬೇಡ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಗಡ್ಡೆಯೂ ಇದೆ, ರಕ್ತನಾಳವೂ ಕಿರಿದಾಗಿದೆ ಅಂದಾಗ, ಕ್ಯಾತೆಟರ್ ಎಂಬ ಸಣ್ಣ ಕೊಳವೆ ರಕ್ತನಾಳದ ಒಳಗೆ ಹೋಗುವ ಮೊದಲು ಫಿಯೋ ಇಲ್ಲ ಅಂತ ರಕ್ತದ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ಫಿಯೋ ಇದ್ದು ಆಲ್ಫಾ ಬ್ಲಾಕರ್ ಎಂಬ ಮಾತ್ರೆಯ ರಕ್ಷಣೆ ಇಲ್ಲದೆ ರಕ್ತನಾಳ ಹಿಗ್ಗಿಸುವ ಬಲೂನ್, ಅದನ್ನು ತೆರೆದಿಡುವ ಸ್ಟೆಂಟ್‌ಗೆ ಕೈ ಹಾಕಿದರೆ ಮೇಜಿನ ಮೇಲೆಯೇ ಬಿಪಿ ಹಾರಿಹೋಗಬಹುದು. ಫಿಯೋ ಅಂತ ಗೊತ್ತಾದರೆ ಸಾಮಾನ್ಯವಾಗಿ ಗಡ್ಡೆ ಮೊದಲು, ರಕ್ತನಾಳ ಆಮೇಲೆ. ಒತ್ತುವಿಕೆ ಅಥವಾ ಸೆಡೆತದಿಂದ ಆದ ಕಿರಿದು ಗಡ್ಡೆ ತೆಗೆದ ಮೇಲೆ ತಾನೇ ಸರಿಹೋಗಬಹುದು. ಕೆಲ ವಾರ ಬಿಟ್ಟು ಡಾಪ್ಲರ್ ಅಥವಾ ಸಿಟಿ ಆಂಜಿಯೋ ಎಂಬ ರಕ್ತನಾಳದ ಸ್ಕ್ಯಾನ್ ಮಾಡಿ ನೋಡುತ್ತಾರೆ. ಆಗಲೂ ಕಿರಿದಾಗಿಯೇ ಇದ್ದು ಬಿಪಿ ಇಳಿಯದಿದ್ದರೆ ಬಲೂನ್ ಯೋಚಿಸಬಹುದು. ಕೆಲವೊಮ್ಮೆ ಎರಡನ್ನೂ ಒಂದೇ ಆಪರೇಷನ್‌ನಲ್ಲಿ ಮಾಡುವುದುಂಟು. ಗಡ್ಡೆ ರಕ್ತನಾಳವನ್ನೇ ಸುತ್ತಿಕೊಂಡಿದ್ದರೆ ಬೇರೆ ದಾರಿ ಇರುವುದಿಲ್ಲ.

ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೆಲ ಕಾಲ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಮುಂದಿನ ಗಡ್ಡೆ ಆಪರೇಷನ್ನೂ ತೊಡಕಾಗುತ್ತದೆ. ‘ಸಣ್ಣ ಕೆಲಸ’ ಅನ್ನುವವರು ಇದನ್ನು ಹೇಳುವುದು ಕಡಿಮೆ.

ಮಗಳಿಗೆ ಇನ್ನೂ 22. ಎರಡು ಕೈಯಲ್ಲೂ ಬಿಪಿ ಬೇರೆ ಬೇರೆ ಬರುತ್ತೆ. ಇದೂ ಅಡ್ರಿನಲ್ಲಾ?

ಮೊದಲ ಅನುಮಾನ ಅಡ್ರಿನಲ್ ಮೇಲಲ್ಲ. ಎರಡು ಕೈಗೂ 10ಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬರುತ್ತಿದ್ದರೆ ರಕ್ತನಾಳವನ್ನೇ ನೋಡಬೇಕು. ನಮ್ಮ ದೇಶದ ಯುವತಿಯರಲ್ಲಿ ತಕಯಾಸು ಎಂಬ ರಕ್ತನಾಳದ ಉರಿಯೂತ ನೆನಪಾಗಲೇಬೇಕು. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು ಇದನ್ನು ವರದಿ ಮಾಡಿದರು. ಕೈಯ ನಾಡಿ ಸಿಗುವುದಿಲ್ಲ, ಕೈ ಎತ್ತಿ ಕೆಲಸ ಮಾಡಿದರೆ ಸೋಲುತ್ತದೆ, ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ ಏರಿರುತ್ತದೆ. ಮಹಾಧಮನಿ, ಕಿಡ್ನಿ ರಕ್ತನಾಳ ಎರಡನ್ನೂ ಹಿಡಿಯಬಹುದು. ಇದಕ್ಕೆ ಮೊದಲು ಬೇಕಾದ್ದು ಉರಿಯೂತ ಇಳಿಸುವ ಔಷಧಿ.

ಇನ್ನೊಂದು, ಫೈಬ್ರೋಮಸ್ಕ್ಯುಲರ್ ಡಿಸ್‌ಪ್ಲೇಸಿಯಾ. ಇದೂ ಹೆಂಗಸರಲ್ಲೇ ಜಾಸ್ತಿ. ಆಂಜಿಯೋದಲ್ಲಿ ಕಿಡ್ನಿ ರಕ್ತನಾಳ ಮಣಿಸರದ ಹಾಗೆ ಕಾಣುತ್ತದೆ. ಇದರಲ್ಲಿ ಬರೀ ಬಲೂನ್ ಸಾಕಾಗುವುದೇ ಹೆಚ್ಚು, ಸ್ಟೆಂಟ್ ಅಪರೂಪಕ್ಕೆ.

ಚಿಕ್ಕ ವಯಸ್ಸಿನವರಲ್ಲಿ ಕಾಲಿನ ಬಿಪಿಯನ್ನೂ ಒಮ್ಮೆ ನೋಡಲು ಕೇಳಿ. ಕೈಗಿಂತ ಕಾಲಿನಲ್ಲಿ ಕಡಿಮೆ ಇದ್ದರೆ ಮಹಾಧಮನಿಯೇ ಎಲ್ಲೋ ಕಿರಿದಾಗಿರಬಹುದು.

ಮೈಯೆಲ್ಲ ಕಾಫಿ ಬಣ್ಣದ ಮಚ್ಚೆ, ಮೆತ್ತಗಿನ ಗಂಟು. ಅದಕ್ಕೂ ಬಿಪಿಗೂ ಸಂಬಂಧ ಇದೆಯಾ?

ಇರಬಹುದು. ಹೆಸರು ನ್ಯೂರೋಫೈಬ್ರೊಮಟೋಸಿಸ್ ಟೈಪ್ 1. ದೊಡ್ಡವರಲ್ಲಿ 15 ಮಿಲಿಮೀಟರಿಗಿಂತ ದೊಡ್ಡ ಮಚ್ಚೆ ಆರು ಅಥವಾ ಜಾಸ್ತಿ ಇದ್ದರೆ ಅನುಮಾನ ಬರಬೇಕು. ಗಡ್ಡೆಗೂ ರಕ್ತನಾಳಕ್ಕೂ ಒಂದೇ ಬೇರು ಅಂದೆನಲ್ಲ, ಅದಕ್ಕೆ ಇದು ಸರಿಯಾದ ಉದಾಹರಣೆ. ಇದೇ ಜೀನ್ ದೋಷ ಫಿಯೋ ತರಬಲ್ಲದು, ಕಿಡ್ನಿ ರಕ್ತನಾಳವನ್ನೂ ಕಿರಿದು ಮಾಡಬಲ್ಲದು. ಮಕ್ಕಳಲ್ಲಿ ಬಿಪಿ ಏರಿದ್ದರೆ ರಕ್ತನಾಳವೇ ಕಾರಣವಾಗಿರುವುದು ಹೆಚ್ಚು, ದೊಡ್ಡವರಲ್ಲಿ ಫಿಯೋ ಕಡೆಗೂ ನೋಡಬೇಕು. ಮಚ್ಚೆ ಇರುವ ಮಗುವಿಗೆ ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿ. ಮಕ್ಕಳಿಗೆ ಬಿಪಿ ಏನು ಅಂತ ಎಷ್ಟೋ ಕಡೆ ಪಟ್ಟಿಯೇ ಕಟ್ಟುವುದಿಲ್ಲ.

ಕಣ್ಣಿನ ಡಾಕ್ಟ್ರು ಅಡ್ರಿನಲ್ ಸ್ಕ್ಯಾನ್ ಮಾಡಿಸಿ ಅಂದ್ರು. ಕಣ್ಣಿಗೂ ಹೊಟ್ಟೆಗೂ ಏನು ಸಂಬಂಧ?

ಜಾಣ ಡಾಕ್ಟರು. ಅಕ್ಷಿಪಟದಲ್ಲಿ ರಕ್ತನಾಳಗಳದೇ ಒಂದು ಸಣ್ಣ ಗಡ್ಡೆ, ಹೆಮಾಂಜಿಯೋಬ್ಲಾಸ್ಟೋಮಾ, ಕಂಡಿರಬೇಕು. ಅದು ವಾನ್ ಹಿಪ್ಪೆಲ್ ಲಿಂಡಾವ್ ಎಂಬ ವಂಶವಾಹಿ ಕಾಯಿಲೆಯ ಗುರುತು. ಇಂಥವರಿಗೆ ಹಿಂಬದಿಯ ಚಿಕ್ಕಮೆದುಳಿನಲ್ಲಿ, ಬೆನ್ನುಹುರಿಯಲ್ಲಿ ಅದೇ ಬಗೆಯ ಗಡ್ಡೆ, ಕಿಡ್ನಿಯಲ್ಲಿ ಕ್ಯಾನ್ಸರ್, ಅಡ್ರಿನಲ್‌ನಲ್ಲಿ ಫಿಯೋ ಬರಬಹುದು. ಕಣ್ಣಿಗೆ ಮಿಂಟೋ, ಮೆದುಳಿಗೆ ನಿಮ್ಹಾನ್ಸ್ ಅಂತ ಓಡಾಡುವವರು ಎರಡೂ ಕಡೆಯ ಫೈಲನ್ನು ಎರಡೂ ಕಡೆ ತೋರಿಸಬೇಕು. ಮೆದುಳಿನ ಗಡ್ಡೆಗೆ ಆಪರೇಷನ್ ಗೊತ್ತಾಗಿದ್ದರೆ ಅದಕ್ಕಿಂತ ಮೊದಲು ಫಿಯೋ ಪರೀಕ್ಷೆ ಆಗಲೇಬೇಕು. ಅರಿವಳಿಕೆ ಕೊಟ್ಟಾಗ ಬಿಪಿ ಕೈಮೀರುವುದು ಇಂಥವರಲ್ಲೇ.

## ಪರೀಕ್ಷೆಗಳು

ಫಿಯೋಗೆ ಯಾವ ಟೆಸ್ಟು? ತಯಾರಿ ಏನಾದ್ರೂ ಇದೆಯಾ?

ಮೆಟಾನೆಫ್ರಿನ್. ಅಡ್ರಿನಾಲಿನ್ ಒಡೆದು ಆಗುವ ವಸ್ತು ಅದು. ರಕ್ತದಲ್ಲಾದರೂ ನೋಡಬಹುದು, 24 ಗಂಟೆಯ ಮೂತ್ರದಲ್ಲಾದರೂ ನೋಡಬಹುದು. ಹಳೆಯ ವಿಎಂಎ ಎಂಬ ಮೂತ್ರ ಪರೀಕ್ಷೆ ಇವೆರಡರಷ್ಟು ನಂಬಿಕೆಯದಲ್ಲ.

ರಕ್ತ ಕೊಡುವ ಮೊದಲು 20–30 ನಿಮಿಷ ಅಂಗಾತ ಮಲಗಿರಬೇಕು. ಆಟೋ ಇಳಿದು ಮೆಟ್ಟಿಲು ಹತ್ತಿ ಕೂಡಲೇ ಕೈ ಚಾಚಿದರೆ ಸಂಖ್ಯೆ ತಾನೇ ಏರುತ್ತದೆ. ಲ್ಯಾಬ್‌ನಲ್ಲಿ ಹಾಸಿಗೆ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಬೆಳಗಿನ ಫಿಲ್ಟರ್ ಕಾಫಿ, ಸಿಗರೇಟು ಬೇಡ. ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಮಾತ್ರೆಗಳೂ ಫಲಿತಾಂಶ ಕೆಡಿಸುತ್ತವೆ. ಮೂತ್ರದ ಪರೀಕ್ಷೆಯಾದರೆ ಬೆಳಗಿನ ಮೊದಲ ಮೂತ್ರ ಚೆಲ್ಲಿ, ಮರುದಿನ ಬೆಳಗಿನ ಮೊದಲನೆಯದನ್ನೂ ಸೇರಿಸಿ ಹಿಡಿಯಬೇಕು. ಲ್ಯಾಬ್‌ನವರು ಕೊಡುವ ಕ್ಯಾನಿನಲ್ಲಿ ಆಸಿಡ್ ಹಾಕಿರುತ್ತಾರೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಮಿತಿಗಿಂತ ಒಂಚೂರು ಜಾಸ್ತಿ ಬಂದರೆ ಹೆದರಬೇಡಿ, ಅದು ಸುಳ್ಳೂ ಆಗಬಹುದು. ಮಿತಿಯ ಮೂರು ನಾಲ್ಕು ಪಟ್ಟು ಇದ್ದರೆ ಅನುಮಾನ ಉಳಿಯುವುದಿಲ್ಲ. ಆಮೇಲೆ ಸಿಟಿ ಅಥವಾ ಎಂಆರ್‌ಐ. ಬೇರೆ ಕಡೆಯೂ ಇರಬಹುದು ಅನ್ನಿಸಿದರೆ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್.

ಅಲ್ಡೋಸ್ಟಿರೋನ್ ಟೆಸ್ಟ್‌ಗೆ ಬಿಪಿ ಮಾತ್ರೆ ಎಲ್ಲ ನಿಲ್ಲಿಸ್ಬೇಕಂತೆ. ನಿಲ್ಲಿಸಿದ್ರೆ ಸ್ಟ್ರೋಕ್ ಆಗಲ್ವಾ?

ಎಲ್ಲವನ್ನೂ ನಿಲ್ಲಿಸಬೇಕಿಲ್ಲ. ಮೊದಲ ಪರೀಕ್ಷೆಯನ್ನು ಎಷ್ಟೋ ಸಲ ಇದ್ದ ಮಾತ್ರೆಯಲ್ಲೇ ಮಾಡಿ ನೋಡುತ್ತಾರೆ. ನಿಜವಾಗಿ ತೊಂದರೆ ಕೊಡುವುದು ಸ್ಪೈರೊನೊಲ್ಯಾಕ್ಟೋನ್ ಗುಂಪು, ಅದಕ್ಕೆ 4 ವಾರ ಬಿಡುವು ಬೇಕಾಗಬಹುದು. ಆ ಹೊತ್ತಿಗೆ ಪರೀಕ್ಷೆಗೆ ಅಡ್ಡಿ ಮಾಡದ ಬೇರೆ ಮಾತ್ರೆ ಕೊಡುತ್ತಾರೆ. ಪೊಟ್ಯಾಸಿಯಂ ಮೊದಲು ಸರಿಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಡೋಸ್ಟಿರೋನ್ ಸುಳ್ಳಾಗಿ ಕಡಿಮೆ ಬರುತ್ತದೆ. ಉಪ್ಪು ಎಂದಿನಂತೆ ತಿನ್ನಿ.

ನೋಡುವುದು ಅಲ್ಡೋಸ್ಟಿರೋನ್ ಮತ್ತು ರೆನಿನ್ ಅನುಪಾತ. ಕಾನ್ ಗಡ್ಡೆಯಲ್ಲಿ ಅಲ್ಡೋಸ್ಟಿರೋನ್ ಜಾಸ್ತಿ, ರೆನಿನ್ ನೆಲ ಕಚ್ಚಿರುತ್ತದೆ. ಕಿಡ್ನಿ ರಕ್ತನಾಳ ಕಿರಿದಾದವರಲ್ಲಿ ಎರಡೂ ಏರಿರುತ್ತವೆ. ಒಬ್ಬರಿಗೇ ಎರಡೂ ಇದ್ದರೆ ಅನುಪಾತ ಸಾಧಾರಣ ಅಂತ ಬಂದು ಕಾನ್ ತಪ್ಪಿಹೋಗಬಹುದು. ಹಾಗಾಗಿ ಅನುಪಾತವೊಂದನ್ನೇ ಓದದೆ ಎರಡು ಸಂಖ್ಯೆಯನ್ನೂ ಬೇರೆ ಬೇರೆ ಓದಬೇಕು.

ಸ್ಕ್ಯಾನ್‌ನಲ್ಲಿ ಎಡಗಡೆ ಗಡ್ಡೆ ಕಾಣ್ತಿದೆ. ತೆಗೆದುಬಿಡೋದಲ್ವಾ? ಮತ್ತೆ ತೊಡೆಯಿಂದ ತಂತಿ ಹಾಕಿ ಟೆಸ್ಟ್ ಯಾಕೆ?

ಇದು ಅಲ್ಡೋಸ್ಟಿರೋನ್ ಜಾಸ್ತಿ ಇರುವವರ ಪ್ರಶ್ನೆ. ಎಡಗಡೆ ಕಾಣುವ ಗಡ್ಡೆ ಸುಮ್ಮನಿದ್ದು, ಬಲಗಡೆಯ ಗಡ್ಡೆಯಿಲ್ಲದ ಗ್ರಂಥಿಯೇ ಹಾರ್ಮೋನ್ ಸುರಿಸುತ್ತಿರಬಹುದು. ಎರಡೂ ಕಡೆಯಿಂದಲೂ ಬರುತ್ತಿರಬಹುದು. ಅದಕ್ಕೇ ಎರಡೂ ಅಡ್ರಿನಲ್‌ಗಳ ಅಭಿಧಮನಿಯಿಂದ ನೇರ ರಕ್ತ ತೆಗೆದು ಹೋಲಿಸುತ್ತಾರೆ. ಬಲಗಡೆಯದು ಗಿಡ್ಡ, ನೇರ ದೊಡ್ಡ ಅಭಿಧಮನಿಗೇ ಸೇರುತ್ತದೆ. ಅದನ್ನು ಹಿಡಿಯಲು ಪಳಗಿದ ಕೈ ಬೇಕು. ಈ ಕೆಲಸ ಆಗಾಗ ಮಾಡುವ ಕಡೆಗೇ ಹೋಗಿ. 35ಕ್ಕಿಂತ ಚಿಕ್ಕವರಲ್ಲಿ ಲಕ್ಷಣವೆಲ್ಲ ಸ್ಪಷ್ಟವಾಗಿದ್ದು ಒಂದೇ ಕಡೆ ಗಡ್ಡೆ ಇದ್ದರೆ ಇದನ್ನು ಬಿಡುವುದುಂಟು.

## ಚಿಕಿತ್ಸೆ

ಗಡ್ಡೆ ಇದೆ ಅಂತ ಗೊತ್ತಾಯ್ತು. ಆದ್ರೂ ಎರಡು ವಾರ ಆಪರೇಷನ್ ಮಾಡಲ್ಲ ಅಂತಾರೆ. ಬಿಪಿ ಇರೋರಿಗೆ ಉಪ್ಪು ಜಾಸ್ತಿ ತಿನ್ನಿ ಅಂತ ಬೇರೆ!

ಕೇಳಲು ವಿಚಿತ್ರ. ಆದರೆ ಫಿಯೋ ಆಪರೇಷನ್ ಇಂದು ಸಲೀಸಾಗಿರುವುದು ಈ ಎರಡು ವಾರದಿಂದಲೇ. 1926ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸೀಸರ್ ರೂ, ಅಮೆರಿಕದಲ್ಲಿ ಚಾರ್ಲ್ಸ್ ಮೇಯೊ ಮೊದಲ ಯಶಸ್ವಿ ಆಪರೇಷನ್‌ಗಳನ್ನು ಮಾಡಿದಾಗ ಈ ತಯಾರಿಯ ಮಾತ್ರೆಗಳು ಇರಲೇ ಇಲ್ಲ.

ಗಡ್ಡೆ ಮುಟ್ಟಿದ ಕೂಡಲೇ ಅದು ಹಾರ್ಮೋನ್ ಚೆಲ್ಲುತ್ತದೆ. ಅದಕ್ಕೆ ಮುಂಚೆಯೇ 7ರಿಂದ 14 ದಿನ ಆಲ್ಫಾ ಬ್ಲಾಕರ್ ಕೊಟ್ಟು ರಕ್ತನಾಳಗಳನ್ನು ಸಡಿಲ ಮಾಡುತ್ತಾರೆ. ಪ್ರಾಜೊಸಿನ್, ಡಾಕ್ಸಾಜೊಸಿನ್, ಫಿನಾಕ್ಸಿಬೆಂಜಮೈನ್ ಇವುಗಳಲ್ಲಿ ಒಂದು. ಸೆಡೆತ ಬಿಟ್ಟ ರಕ್ತನಾಳ ತುಂಬಲು ನೀರು, ಉಪ್ಪು ಬೇಕು. ಇಲ್ಲದಿದ್ದರೆ ಗಡ್ಡೆ ತೆಗೆದ ಕೂಡಲೇ ಬಿಪಿ ಕುಸಿಯುತ್ತದೆ. ಅದಕ್ಕೇ ಈ ಉಪ್ಪಿನಕಾಯಿ ಪರವಾನಗಿ. ಹೃದಯ ಅಥವಾ ಕಿಡ್ನಿ ಸೋತವರಿಗೆ ಲೆಕ್ಕ ಬೇರೆ, ಕೇಳಿಯೇ ತಿನ್ನಿ. ಕೂತಾಗ ಬಿಪಿ 130/80ರ ಆಸುಪಾಸು, ನಿಂತಾಗ ಮೇಲಿನದು 90ಕ್ಕಿಂತ ಇಳಿಯಬಾರದು ಅನ್ನುವುದು ಗುರಿ. ಮೂಗು ಕಟ್ಟುತ್ತದೆ, ಎದ್ದಾಗ ತಲೆ ತಿರುಗುತ್ತದೆ. ಹಾಸಿಗೆಯಿಂದ ನಿಧಾನವಾಗಿ ಏಳಿ.

ಎದೆ ಬಡಿತಕ್ಕೆ ಅಂತ ಯಾರಾದರೂ ಮೊದಲೇ ಬೀಟಾ ಬ್ಲಾಕರ್ ಬರೆದುಕೊಟ್ಟರೆ ಫಿಯೋ ವಿಷಯ ಬಾಯಿಬಿಟ್ಟು ಹೇಳಿ. ಆಲ್ಫಾ ಬ್ಲಾಕರ್ ಕೆಲಸ ಶುರು ಮಾಡಿದ ಮೇಲೆಯೇ ಬೀಟಾ. ತಿರುವುಮುರುವಾದರೆ ರಕ್ತನಾಳ ಸಡಿಲಿಸುವ ದಾರಿ ಮುಚ್ಚಿ, ಹಿಂಡುವ ದಾರಿ ಮಾತ್ರ ಉಳಿದು ಬಿಪಿ ಏರಿಬಿಡುತ್ತದೆ.

ಒಂದು ಅಡ್ರಿನಲ್ ತೆಗೆದ್ರೆ ಬದುಕೋಕಾಗುತ್ತಾ?

ಆಗುತ್ತದೆ. ಇನ್ನೊಂದು ಸಾಕು. ಎರಡನ್ನೂ ಪೂರ್ತಿ ತೆಗೆದರೆ ಮಾತ್ರ ಜೀವನಪೂರ್ತಿ ಸ್ಟಿರಾಯ್ಡ್ ಮಾತ್ರೆ ಬೇಕು. ಕುಶಿಂಗ್ ಗಡ್ಡೆ ತೆಗೆದವರಿಗೂ ಉಳಿದ ಗ್ರಂಥಿ ಏಳುವವರೆಗೆ ಕೆಲ ತಿಂಗಳು ಮಾತ್ರೆ ಕೊಡುತ್ತಾರೆ. ಅದನ್ನು ಒಂದು ದಿನವೂ ತಪ್ಪಿಸಬಾರದು.

ಆಪರೇಷನ್ ಆದ್ಮೇಲೆ ಬಿಪಿ ಮಾತ್ರೆ ಪೂರ್ತಿ ಬಿಡಬಹುದಾ?

ಕೆಲವರು ಬಿಡುತ್ತಾರೆ, ಕೆಲವರಿಗೆ ಒಂದೆರಡು ಉಳಿಯುತ್ತದೆ. ಕಾನ್ ಗಡ್ಡೆಯಲ್ಲಿ ಪೊಟ್ಯಾಸಿಯಂ ಹೆಚ್ಚುಕಡಿಮೆ ಎಲ್ಲರಿಗೂ ಸರಿಹೋಗುತ್ತದೆ. ಬಿಪಿ ಪೂರ್ತಿ ಬಿಟ್ಟುಹೋಗುವುದು ಮೂರರಲ್ಲಿ ಒಬ್ಬರಿಂದ ಅರ್ಧದಷ್ಟು ಜನರಿಗೆ. ವಯಸ್ಸು ಕಡಿಮೆ, ಬಿಪಿ ಬಂದು ಕೆಲವೇ ವರ್ಷ ಆಗಿರುವವರಿಗೆ ಅದೃಷ್ಟ ಜಾಸ್ತಿ. ಫಿಯೋ ತೆಗೆದ ಮೇಲೂ ಬಿಪಿ ಇಳಿಯದಿದ್ದರೆ ಕಿಡ್ನಿ ರಕ್ತನಾಳವನ್ನು ಮತ್ತೆ ನೋಡಬೇಕು. ಮೊದಲ ಒಂದೆರಡು ದಿನ ಬಿಪಿ, ಶುಗರ್ ಎರಡೂ ಕುಸಿಯಬಹುದು. ಐಸಿಯುನಲ್ಲಿ ಇಡುವುದು ಬಿಲ್ ಏರಿಸಲಿಕ್ಕಲ್ಲ.

ಬೆಂಗಳೂರಲ್ಲಿ ಎಲ್ಲಿಗೆ ಹೋಗೋದು? ಯಾವ ಡಾಕ್ಟ್ರು?

ಮೊದಲು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ಡಾಕ್ಟರು. ಆಪರೇಷನ್ ಮಾಡುವವರು ಎಂಡೋಕ್ರೈನ್ ಸರ್ಜನ್ ಅಥವಾ ಯುರಾಲಜಿಸ್ಟ್. ಹೃದಯ, ರಕ್ತನಾಳದ ಕಡೆಗೆ ಜಯದೇವ ಇದೆ, ಕಿಡ್ನಿಗೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಇದೆ, ಹರಡಿದ ಗಡ್ಡೆಗೆ ಕಿದ್ವಾಯಿ. ನನ್ನ ಅಭಿಪ್ರಾಯ ಕೇಳಿದರೆ, ಹಾರ್ಮೋನ್ ಡಾಕ್ಟರು, ಸರ್ಜನ್, ರಕ್ತನಾಳದವರು, ಅರಿವಳಿಕೆಯವರು ಒಂದೇ ಸೂರಿನಡಿ ಮಾತಾಡಿಕೊಳ್ಳುವ ಆಸ್ಪತ್ರೆ, ಅದು ಸರ್ಕಾರಿ ಆಗಲಿ ಖಾಸಗಿ ಆಗಲಿ, ದೊಡ್ಡ ಹೆಸರಿಗಿಂತ ಮೇಲು. ‘ಹಿಂದೆ ಫಿಯೋ ಆಪರೇಷನ್ ಮಾಡಿದ್ದೀರಾ’ ಅಂತ ಕೇಳುವುದು ಅಗೌರವವಲ್ಲ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುವುದರಿಂದ ಖಾಸಗಿ ಕಡೆ ದಾಖಲಾಗುವ ಮೊದಲೇ ಅದನ್ನು ವಿಚಾರಿಸಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ನಮ್ಮದು ಸೋದರಿಕೆ ಸಂಬಂಧ, ಮಾವನ ಮಗಳನ್ನೇ ಮದುವೆ ಆಗಿದ್ದು. ಅದಕ್ಕೇ ಬಂತಾ? ಮಕ್ಕಳಿಗೂ ಬರುತ್ತಾ?

ಸೋದರಿಕೆಯಿಂದ ಬಂದದ್ದಲ್ಲ. ಫಿಯೋ ತರುವ ಜೀನ್ ದೋಷಗಳು ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು. ಸೋದರಿಕೆಯಲ್ಲಿ ಹೆಚ್ಚಾಗುವುದು ಇಬ್ಬರಿಂದಲೂ ಬರಬೇಕಾದ ಕಾಯಿಲೆಗಳು. ಅಂಥದ್ದೊಂದು ಅಡ್ರಿನಲ್ ಕಾಯಿಲೆಯೂ ಇದೆ, ಹುಟ್ಟಿನಿಂದಲೇ ಗ್ರಂಥಿ ಊದಿ ಬಿಪಿ ಏರುವುದು. ಆದರೆ ಅದು ಗಡ್ಡೆಯಲ್ಲ.

ಫಿಯೋ, ಪ್ಯಾರಾಗ್ಯಾಂಗ್ಲಿಯೋಮಾ ಇರುವ ನೂರರಲ್ಲಿ 30–40 ಜನರಿಗೆ ಹುಟ್ಟಿನಿಂದ ಬಂದ ಜೀನ್ ದೋಷ ಸಿಗುತ್ತದೆ. ಹಾಗಾಗಿ ಗಡ್ಡೆ ಬಂದ ಎಲ್ಲರಿಗೂ ಜೀನ್ ಪರೀಕ್ಷೆಯ ಮಾತು ಬರಲೇಬೇಕು. ದೋಷ ಇದ್ದರೆ ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಎಸ್‌ಡಿಎಚ್‌ಡಿ ಎಂಬ ಜೀನ್‌ನದು ಇನ್ನೂ ವಿಚಿತ್ರ: ದೋಷ ತಂದೆಯಿಂದ ಬಂದರೆ ಕಾಯಿಲೆ ಬರಬಹುದು, ತಾಯಿಯಿಂದ ಬಂದರೆ ಸಾಮಾನ್ಯವಾಗಿ ಬರುವುದಿಲ್ಲ. ಎಸ್‌ಡಿಎಚ್‌ಬಿ ದೋಷದ ಗಡ್ಡೆ ಹರಡುವುದು ಜಾಸ್ತಿ. ಮಗಳ ಮದುವೆ ಮಾತುಕತೆ ನಡೆಯುವಾಗ ಇದೆಲ್ಲ ಯಾಕೆ ಅಂತ ಮುಚ್ಚಿಡುವ ಮನೆಗಳನ್ನು ನೋಡಿದ್ದೇನೆ. ಸಂಕಟ ಅರ್ಥವಾಗುತ್ತದೆ. ಆದರೆ ದೋಷ ಗೊತ್ತಿರುವ ಹುಡುಗಿಗೆ ಬಸುರಿಗೆ ಮೊದಲೇ ಪರೀಕ್ಷೆ ಮಾಡಬಹುದು, ಗೊತ್ತಿಲ್ಲದವಳಿಗೆ ಆಗುವುದಿಲ್ಲ.

ಬಸುರಿಯಲ್ಲಿ ಬಿಪಿ ಬರೋದು ಮಾಮೂಲು ಅಲ್ವಾ? ಅದರಲ್ಲಿ ಇದನ್ನ ಹೇಗೆ ಕಂಡುಹಿಡೀತಾರೆ?

ಬಸುರಿನಿಂದಲೇ ಬರುವ ಬಿಪಿ ಸಾಮಾನ್ಯವಾಗಿ 20 ವಾರದ ನಂತರದ್ದು. ಅದಕ್ಕಿಂತ ಮೊದಲೇ ಬಿಪಿ ತುಂಬಾ ಏರಿದರೆ, ಬೆವರು ಎದೆಬಡಿತ ಅಲೆಅಲೆಯಾಗಿ ಬಂದರೆ, ಮೆಟಾನೆಫ್ರಿನ್ ನೋಡಬೇಕು. ಬಸುರಿನಲ್ಲೂ ಆ ಪರೀಕ್ಷೆ ನಂಬಬಹುದು. ಚಿತ್ರಕ್ಕೆ ಡೈ ಇಲ್ಲದ ಎಂಆರ್‌ಐ. ಬೇಗ ಸಿಕ್ಕರೆ ನಡುವಿನ ಮೂರು ತಿಂಗಳಲ್ಲಿ ಆಪರೇಷನ್. ತಡವಾಗಿ ಸಿಕ್ಕರೆ ಆಲ್ಫಾ ಬ್ಲಾಕರ್ ಕೊಟ್ಟು ಹೆರಿಗೆವರೆಗೆ ಕಾಯುತ್ತಾರೆ. ಕಂಡುಹಿಡಿಯದೇ ಹೋದರೆ ತಾಯಿಗೂ ಮಗುವಿಗೂ ಅಪಾಯ.

ಗಡ್ಡೆ ತೆಗೆದು ಎಲ್ಲ ನಾರ್ಮಲ್ ಬಂತು. ಇನ್ನೂ ಎಷ್ಟು ವರ್ಷ ಬರ್ತಾ ಇರ್ಬೇಕು?

ಕಾನ್ ಗಡ್ಡೆಯಾದರೆ ಬಿಪಿ, ಪೊಟ್ಯಾಸಿಯಂ ನೋಡಿಕೊಂಡರೆ ಸಾಕು. ಫಿಯೋದಲ್ಲಿ ಕನಿಷ್ಠ 10 ವರ್ಷ, ವರ್ಷಕ್ಕೊಮ್ಮೆ ಮೆಟಾನೆಫ್ರಿನ್. ಜೀನ್ ದೋಷ ಇದ್ದವರು, ಚಿಕ್ಕ ವಯಸ್ಸಿನವರು, ದೊಡ್ಡ ಗಡ್ಡೆ ಇದ್ದವರು ಜೀವನಪೂರ್ತಿ. ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟ್ ‘ಕ್ಯಾನ್ಸರ್ ಅಲ್ಲ’ ಅಂದರೂ ಇದು ತಪ್ಪುವುದಿಲ್ಲ, ಎಷ್ಟೋ ವರ್ಷದ ಮೇಲೆ ಮರಳಿದ್ದುಂಟು. ರಕ್ತನಾಳವೂ ಕಿರಿದಾಗಿದ್ದವರು ಜೊತೆಗೆ ಕಿಡ್ನಿ ಡಾಪ್ಲರ್ ಮತ್ತು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಸೇರಿಸಿಕೊಳ್ಳಿ. ಅಂಥವರಿಗೆ ಹೊಸದಾಗಿ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಶುರು ಮಾಡಿದರೆ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ ನೋಡಿಸಬೇಕು. ಎರಡೂ ಕಿಡ್ನಿಯ ರಕ್ತನಾಳ ಕಿರಿದಾಗಿದ್ದರೆ ಅದು ಏರಿಬಿಡುತ್ತದೆ.